‘ಐ7 ಕಂಪ್ಯೂಟರ್’ ಅಂದರೆ ಯಾವುದು ಸ್ವಾಮಿ?

ಮಾಲೂರು, ಬಂಗಾರಪೇಟೆ ಕಡೆಯಿಂದ ಕೆ.ಆರ್. ಪುರದಲ್ಲಿ ರೈಲಿಳಿದು, ಮೆಟ್ರೋದಲ್ಲಿ ಇಂದಿರಾನಗರ, ಹಲಸೂರು ದಾಟಿ ಎಸ್.ಪಿ. ರೋಡಿಗೆ ಹೋಗುವ ನಮ್ಮ ಹುಡುಗರಿಗೆ ಕೆಲವು ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ: “ಐ7 ಇದೆ, ಕಡಿಮೆಗೆ ಕೊಡ್ತೀನಿ.”

ಎಷ್ಟನೇ ಜನರೇಷನ್? ಅದನ್ನು ಹೇಳುವುದಿಲ್ಲ. 2013ರಲ್ಲಿ ಬಂದ ನಾಲ್ಕನೇ ಜನರೇಷನ್ನಿಗೂ ಐ7 ಅಂತಲೇ ಹೆಸರು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಹಳೇ ಸಾಮಾನು ಮಾರುವುದು ತಪ್ಪಲ್ಲ, ಹಳೇದು ಅಂತ ಹೇಳದೆ ಮಾರುವುದು ಮೋಸ.

ಹೊಸ ಭಾಗ ಕೊಂಡು ಜೋಡಿಸಿದರೂ ಇದೇ ಪಾಡು. ಎಎಂ5 ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಮಾತ್ರ, ಡಿಡಿಆರ್4 ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಐ5-12400 ಬೇರೆ, 12400ಎಫ್ ಬೇರೆ. ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ; ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್ ಕಪ್ಪಗೇ ಇರುತ್ತದೆ. ಒಂದು ಅಕ್ಷರ ಬಿಟ್ಟುಹೋದದ್ದಕ್ಕೆ ಮತ್ತೆ ಬೆಂಗಳೂರಿಗೆ ಹೋಗಿಬರಬೇಕು, ಒಂದು ದಿನದ ಕೂಲಿ ಹೋಯಿತು.

ಬಿತ್ತನೆ ಬೀಜಕ್ಕೆ ತಳಿ, ಲಾಟ್ ನಂಬರ್ ನೋಡುವ ನಾವು, ‘ಅಸೆಂಬಲ್ಡ್ ಪಿಸಿ – 1’ ಎಂದು ಗೀಚಿದ ಬಿಲ್ಲನ್ನು ಯಾಕೆ ತಗೋಬೇಕು? ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಎಲ್ಲದರ ಪೂರ್ತಿ ಮಾಡೆಲ್ ನಂಬರ್ ಬರೆಸಿ. ಅಲ್ಲೇ ಆನ್ ಮಾಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಬರೆಯಲ್ಲ ಅಂದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ.