ಲೋಳೆಯ ಕೋಟೆ, ಬೆಳ್ಳಿಯ ಬಾಣ

1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಮೇಲಿನ ಕೊಳೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅದರಲ್ಲಿ ಅಸಂಖ್ಯ ಜೀವಿಗಳು ಚಲಿಸುತ್ತಿದ್ದುವು. ವಿನೆಗರಿನಿಂದ ಬಾಯಿ ಮುಕ್ಕಳಿಸಿ ಮತ್ತೆ ನೋಡಿದಾಗ ಹೊರಪದರದ ಜೀವಿಗಳು ಮಾತ್ರ ಸತ್ತಿದ್ದುವು. ಒಳಗಿದ್ದವುಗಳಿಗೆ ಏನೂ ಆಗಿರಲಿಲ್ಲ. ಈ ಸಂಗತಿಯನ್ನು ಆತನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಮುನ್ನೂರ ನಲವತ್ತಕ್ಕೂ ಹೆಚ್ಚು ವರ್ಷಗಳಾದರೂ ವೈದ್ಯಶಾಸ್ತ್ರವನ್ನು ಕಾಡುತ್ತಿರುವುದು ಅದೇ ಪ್ರಶ್ನೆ: ಒಳಗಿರುವುದನ್ನು ಮುಟ್ಟುವುದು ಹೇಗೆ?

ಬ್ಯಾಕ್ಟೀರಿಯಗಳು ಒಂಟಿಯಾಗಿ ಅಲೆಯುವ ಜೀವಿಗಳೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅವು ಆಸರೆ ದೊರೆತೊಡನೆ ಅಂಟಿಕೊಂಡು, ಸಕ್ಕರೆಯ ಸರಪಣಿಗಳು, ಪ್ರೋಟೀನು, ಡಿಎನ್‌ಎ ಮೊದಲಾದುವುಗಳಿಂದಾದ ಲೋಳೆಯನ್ನು ಸ್ರವಿಸಿ ಅದರೊಳಗೆ ಊರು ಕಟ್ಟುತ್ತವೆ. ಇದೇ ಬಯೋಫಿಲ್ಮ್, ನಾವು ಜೈವಿಕ ಪೊರೆಯೆನ್ನೋಣ. ನೀರಿನ ತೊಟ್ಟಿಯ ಒಳಗೋಡೆಯನ್ನು ಬೆರಳಿನಿಂದ ಸವರಿದರೆ ಅದರ ಪರಿಚಯವಾಗುತ್ತದೆ. ಅದು ಮೂತ್ರನಾಳದ ಕೊಳವೆಯಲ್ಲೋ, ಕೃತಕ ಕೀಲಿನ ಮೇಲೋ, ಮಾಯದ ಹುಣ್ಣಿನಲ್ಲೋ ಬೆಳೆದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಲೋಳೆಯು ಔಷಧಕ್ಕೆ ಅಡ್ಡ ನಿಲ್ಲುತ್ತದೆ. ಆಳದಲ್ಲಿ ಆಹಾರವೂ ಆಮ್ಲಜನಕವೂ ಸಾಲದೆ ಜೀವಿಗಳು ಅರೆನಿದ್ರೆಯಲ್ಲಿರುತ್ತವೆ. ಪ್ರತಿಜೈವಿಕ ಔಷಧಗಳಲ್ಲಿ ಅನೇಕವು ಬೆಳೆಯುತ್ತಿರುವ ಜೀವಿಯನ್ನು ಕೊಲ್ಲಬಲ್ಲವೇ ಹೊರತು ನಿದ್ರಿಸುತ್ತಿರುವುದನ್ನಲ್ಲ.

ಈ ಕೋಟೆಯನ್ನು ಮುರಿಯಲು ಲೋಹಗಳ, ಮುಖ್ಯವಾಗಿ ಬೆಳ್ಳಿಯ, ನ್ಯಾನೊ ಕಣಗಳನ್ನು ಇಂದು ಪರೀಕ್ಷಿಸುತ್ತಿದ್ದಾರೆ. ಒಂದು ಲೆಕ್ಕವನ್ನು ಮಾಡಿ ನೋಡಿರಿ. 1 ಸೆಂಟಿಮೀಟರ್ ಅಂಚುಳ್ಳ ಬೆಳ್ಳಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ: ಏಳು ಬ್ಯಾಡ್‌ಮಿಂಟನ್ ಅಂಕಣಗಳಷ್ಟು! ಇಷ್ಟು ವಿಸ್ತಾರದಿಂದ ಹೊರಡುವ ಬೆಳ್ಳಿಯ ಅಯಾನುಗಳು ಗಂಧಕವುಳ್ಳ ಪ್ರೋಟೀನುಗಳನ್ನು ಹಿಡಿದು, ಕೋಶಪೊರೆಯನ್ನು ಕೆಡಿಸಿ, ಏಕಕಾಲದಲ್ಲಿ ಹಲವು ಕಡೆ ಆಘಾತ ಮಾಡುತ್ತವೆ.

ಹಾಗಾದರೆ ಗೆದ್ದೆವೆ? ಆತುರ ಬೇಡ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಕೃತಕ ಉಸಿರಾಟದಲ್ಲಿದ್ದ ರೋಗಿಗಳ ಪೈಕಿ ಸಾಮಾನ್ಯ ಶ್ವಾಸನಾಳ ಕೊಳವೆಯಿದ್ದವರಲ್ಲಿ ಶೇಕಡ 7.5 ಮಂದಿಗೂ ಬೆಳ್ಳಿ ಲೇಪಿಸಿದ ಕೊಳವೆಯಿದ್ದವರಲ್ಲಿ ಶೇಕಡ 4.8 ಮಂದಿಗೂ ನ್ಯುಮೋನಿಯ ತಗುಲಿತು. ಲಾಭ ನಿಜ, ಆದರೆ ಮರಣಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಶತ್ರುವೂ ಸುಮ್ಮನಿಲ್ಲ. ಬೆಳ್ಳಿಯ ಕಣಗಳಿಗೆ ಮತ್ತೆ ಮತ್ತೆ ಒಡ್ಡಿದ ಬ್ಯಾಕ್ಟೀರಿಯಗಳು, ಈಜುಬಾಲದ ಪ್ರೋಟೀನಾದ ಫ್ಲಜೆಲಿನ್ ಅನ್ನು ಹೊರಬಿಟ್ಟು ಕಣಗಳನ್ನು ಗುಂಪುಗೂಡಿಸಿ ನಿಷ್ಫಲಗೊಳಿಸಿದುವೆಂದು ಚೆಕ್ ದೇಶದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ದಾಳಿಂಬೆ ಸಿಪ್ಪೆಯ ಸಾರವು ಈ ತಂತ್ರವನ್ನು ತಡೆಯಿತೆಂಬುದು ಸಮಾಧಾನದ ಮಾತು.

ಇಂಥ ಅಸ್ತ್ರವನ್ನು ನಾವು ಹೇಗೆ ಬಳಸುತ್ತಿದ್ದೇವೆ? ಬೆವರಿನ ವಾಸನೆ ಬಾರದಿರಲೆಂದು ಕಾಲುಚೀಲಕ್ಕೆ ತುಂಬುತ್ತಿದ್ದೇವೆ! ಅಂಥ ಚೀಲಗಳನ್ನು ನೀರಿನಲ್ಲಿ ತೊಳೆದಾಗ ಬೆಳ್ಳಿಯು ಹೊರಬರುವುದನ್ನು ಅಮೆರಿಕದ ಅರಿಜೋನದ ಸಂಶೋಧಕರು 2008ರಲ್ಲಿಯೇ ತೋರಿಸಿದ್ದಾರೆ. ಅದು ಚರಂಡಿ ಸೇರಿ, ಅಲ್ಲಿಯ ಜೀವಿಗಳಿಗೆ ಬೆಳ್ಳಿಯನ್ನು ಎದುರಿಸುವ ಪಾಠವನ್ನು ಕಲಿಸಬಹುದು. ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಲ್ಲದೆ ಮತ್ತೇನು? ಪ್ರತಿಜೈವಿಕ ಔಷಧಗಳನ್ನು ಬೇಕಾಬಿಟ್ಟಿ ಬಳಸಿ ಮೊನಚು ಕಳೆದ ತಪ್ಪನ್ನೇ ಮತ್ತೊಮ್ಮೆ ಮಾಡಬೇಕೆ?

ನನ್ನ ಅಭಿಪ್ರಾಯ ಸ್ಪಷ್ಟ. ಲೋಹದ ನ್ಯಾನೊ ಕಣಗಳು ಮಾಯದ ಗಾಯಕ್ಕೆ, ದೇಹದೊಳಗಿಡುವ ಉಪಕರಣಕ್ಕೆ, ಅಂದರೆ ಬೇರೆ ಉಪಾಯ ಸಾಲದೆಡೆಗೆ, ಮೀಸಲಾಗಿರಲಿ. ಉಳಿದೆಡೆ ಸಾಬೂನು, ನೀರು, ತಿಕ್ಕುವ ಕೈ ಸಾಕು. ಲೇವನ್‌ಹುಕ್ ಹಲ್ಲುಗಳನ್ನು ಉಪ್ಪಿನಿಂದ ಉಜ್ಜಿ ಬಟ್ಟೆಯಿಂದ ಒರೆಸುತ್ತಿದ್ದನು. ಪೊರೆಯನ್ನು ಒಡೆಯಲು ಉಜ್ಜುವಿಕೆಯಷ್ಟು ಅಗ್ಗದ ಸಾಧನ ಇಂದಿಗೂ ಇಲ್ಲ. ವಿದ್ಯಾರ್ಥಿಗಳೇ, ‘ನ್ಯಾನೊ ಬೆಳ್ಳಿ’ ಎಂಬ ಜಾಹೀರಾತನ್ನು ಕಂಡಾಗ ಎರಡು ಪ್ರಶ್ನೆಗಳನ್ನು ಕೇಳಿರಿ: ಇಲ್ಲಿ ಇದು ಬೇಕೆ? ತೊಳೆದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?