ಎಡಗೈಯ ಮೂವತ್ತು ವರ್ಷಗಳು

ಕೈಗಳಿರುವುದರಿಂದಲೇ ಮಾನವನು ಬುದ್ಧಿಶಾಲಿಯಾದನೆಂದು ಗ್ರೀಕ್ ತತ್ತ್ವಜ್ಞಾನಿ ಅನಾಕ್ಸಾಗೋರಸ್ ವಾದಿಸಿದ್ದನು. ಅಲ್ಲ, ಬುದ್ಧಿಶಾಲಿಯಾದುದರಿಂದಲೇ ಅವನಿಗೆ ಕೈಗಳು ದೊರೆತವೆಂದು ಅರಿಸ್ಟಾಟಲ್ ತಿದ್ದಿದನು. ವಿದ್ಯಾರ್ಥಿಗಳಾಗಿದ್ದಾಗ ನಮಗೆ ಇದು ಒಣತರ್ಕವೆನಿಸಿತ್ತು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರ ಬಾಳನ್ನು ಅರಿತ ಮೇಲೆ ಹಾಗೆನಿಸುವುದಿಲ್ಲ.

1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ಫ್ಲೈಶರ್, 1938ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಆರ್ಟುರ್ ಶ್ನಾಬೆಲ್ ಅವರ ಶಿಷ್ಯರಾದರು. ಬೀಥೋವನ್ನರ ಶಿಷ್ಯ ಚೆರ್ನಿ, ಚೆರ್ನಿಯ ಶಿಷ್ಯ ಲೆಶೆಟಿಟ್ಸ್ಕಿ, ಅವರ ಶಿಷ್ಯ ಶ್ನಾಬೆಲ್: ಅದೊಂದು ಗುರುಪರಂಪರೆಯೇ ಸರಿ. ಕಲಿಯುವ ಕಾಲದಲ್ಲಿ ಸಾರ್ವಜನಿಕ ಕಛೇರಿ ಕೂಡದೆಂಬುದು ಗುರುವಿನ ಕಟ್ಟಳೆ. ಮಕ್ಕಳನ್ನು ಬೇಗನೆ ವೇದಿಕೆ ಹತ್ತಿಸಲು ತವಕಿಸುವ ಹೆತ್ತವರು ಇದನ್ನು ಗಮನಿಸಲಿ. 1944ರಲ್ಲಿ, ಹದಿನಾರರ ಹರೆಯದಲ್ಲಿ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಡನೆ ನುಡಿಸಿದರು. 1952ರಲ್ಲಿ ಬ್ರಸೆಲ್ಸಿನ ಕ್ವೀನ್ ಎಲಿಸಬೆತ್ ಸ್ಪರ್ಧೆಯನ್ನು ಗೆದ್ದರು.

1960ರ ದಶಕದ ನಡುವೆ ಅವರ ಬಲಗೈಯ ಕೊನೆಯ ಎರಡು ಬೆರಳುಗಳು ತಾವಾಗಿಯೇ ಅಂಗೈಯೊಳಗೆ ಮಡಚಿಕೊಳ್ಳತೊಡಗಿದವು. ಸರಿಪಡಿಸಲೆಂದು ಅವರು ಇನ್ನಷ್ಟು ಸಾಧನೆ ಮಾಡಿದರು. ಬೆರಳುಗಳು ಇನ್ನಷ್ಟು ಮಡಚಿದವು. ಅದು ಫೋಕಲ್ ಡಿಸ್ಟೋನಿಯಾ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಕೆಟ್ಟಿದ್ದು ಬೆರಳಲ್ಲ, ಬೆರಳಿಗೆ ಮಿದುಳು ನೀಡುವ ಆಜ್ಞೆ. ಒಂದೇ ಚಲನೆಯ ಅತಿಯಾದ ಪುನರಾವರ್ತನೆಯೂ ಇದಕ್ಕೆ ಕಾರಣವಾಗಬಲ್ಲದು. ಸಾಧನೆಯೇ ಸಾಧಕನನ್ನು ಕೆಡಿಸಬಹುದೆಂಬ ಮಾತು ನಮಗೆ ಅಹಿತಕರ, ಆದರೂ ಸತ್ಯ. ಸಾವಿನ ಯೋಚನೆಯೂ ಆಗ ಸುಳಿದುದನ್ನು ಫ್ಲೈಶರ್ ಮುಚ್ಚಿಡಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನ್ ಅವರಿಗಾಗಿ (ತತ್ತ್ವಜ್ಞಾನಿ ಲುಡ್ವಿಗ್ ಅವರ ಅಣ್ಣ) ರವೇಲ್ ಎಡಗೈಗೆಂದೇ ಒಂದು ಕನ್ಸರ್ಟೋ ರಚಿಸಿದ್ದರು. ಫ್ಲೈಶರ್ ಅದನ್ನು ನುಡಿಸಿದರು; ವಾದ್ಯವೃಂದಗಳನ್ನು ನಿರ್ದೇಶಿಸಿದರು. ಆದರೆ ನಮ್ಮನ್ನು ತಟ್ಟುವುದು ಬಾಲ್ಟಿಮೋರಿನ ಪೀಬಡಿ ಸಂಗೀತ ಶಾಲೆಯ ಅವರ ಕೊಠಡಿ. ಶಿಷ್ಯನನ್ನು ಪಕ್ಕಕ್ಕೆ ಸರಿಸಿ ತಾವೇ ನುಡಿಸಿ ತೋರಿಸುವುದು ಇನ್ನು ಸಾಧ್ಯವಿರಲಿಲ್ಲ. ನಾದ ಹೇಗಿರಬೇಕೆಂದು ಮಾತಿನಲ್ಲಿ ಹೇಳಬೇಕಾಯಿತು; ಹೇಳಲು ಮೊದಲು ತಾವು ಮನದೊಳಗೆ ಕೇಳಿಸಿಕೊಳ್ಳಬೇಕಾಯಿತು. ಇದರಿಂದ ತಾವು ಉತ್ತಮ ಬೋಧಕರಾದುದಾಗಿ ಅವರೇ ಹೇಳುತ್ತಿದ್ದರು. ಅರಿಸ್ಟಾಟಲನ ತಿದ್ದುಪಡಿ ನಮಗೆ ಅರ್ಥವಾದದ್ದು ಇಲ್ಲಿ.

1990ರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದು ಹಾಗೂ ಅಂಗಮರ್ದನದಿಂದ ಬೆರಳುಗಳು ಸಡಿಲಗೊಂಡವು. 2004ರಲ್ಲಿ ಹೊರಬಂದ ಧ್ವನಿಮುದ್ರಿಕೆಯ ಹೆಸರೇ 'ಎರಡು ಕೈಗಳು'. ರೋಗ ಗುಣವಾಗಿರಲಿಲ್ಲ; ಚುಚ್ಚುಮದ್ದು ಮತ್ತೆ ಮತ್ತೆ ಬೇಕಿತ್ತು. 1959ರಲ್ಲಿ ಪೀಬಡಿಯಲ್ಲಿ ಆರಂಭಿಸಿದ ಪಾಠ ಮಾತ್ರ, 2020ರ ಆಗಸ್ಟ್‌ನಲ್ಲಿ ತೊಂಬತ್ತೆರಡರ ವಯಸ್ಸಿನಲ್ಲಿ ಅವರು ತೀರಿಕೊಳ್ಳುವವರೆಗೂ ನಡೆದಿತ್ತು.