ಲೂಗರ್ ಮೋಹ, ತೋಟದ ಕೋವಿಯ ಪಾಡು

ಬಂಟ್ವಾಳ: ಜರ್ಮನಿಯ ಸೇನೆ ಮತ್ತು ಪೊಲೀಸರು ಬಳಸಿ ಬಿಟ್ಟ ಲೂಗರ್, ವಾಲ್ಥರ್ ಪಿಸ್ತೂಲುಗಳನ್ನು ಸಂಗ್ರಹಿಸುವುದು ಅಮೆರಿಕದಲ್ಲಿ ಪ್ರತಿಷ್ಠಿತ ಹವ್ಯಾಸ. ನಮ್ಮಲ್ಲಿ ಅದಕ್ಕೆ ಆಸ್ಪದ ಅತ್ಯಲ್ಪ. ಲೂಗರ್‌ನ 9 ಮಿ.ಮೀ. ಅಳತೆ ನಾಗರಿಕರಿಗೆ ನಿಷಿದ್ಧ. 1929ರಲ್ಲಿ ಪೊಲೀಸರಿಗೆಂದು ಬಂದ ವಾಲ್ಥರ್ ಪಿಪಿಯ 7.65 ಮಿ.ಮೀ. ಮಾದರಿ ನಮ್ಮ .32 ಬೋರ್‌ಗೆ ಸಮ, ಅದಕ್ಕೆ ಪರವಾನಗಿಯುಂಟು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ಬೆಳೆಗಾರರಿಗಾದರೋ ಕೋವಿ ಹವ್ಯಾಸದ ವಸ್ತುವಲ್ಲ. ಮಂಗ, ಕಾಡುಹಂದಿಗಳ ಹಾವಳಿಯೆದುರು ಅದು ಬೆಳೆರಕ್ಷಣೆಯ ಸಾಧನ. ಆದರೆ ಚುನಾವಣೆ ಘೋಷಣೆಯಾದೊಡನೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಬರುತ್ತದೆ. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವಲ್ಲ! ಯಾರ ಆಯುಧ ಪಡೆಯಬೇಕೆಂದು ಪರಿಶೀಲಿಸಲು ಸಮಿತಿಯ ವ್ಯವಸ್ಥೆಯಿದೆ. ಅಪರಾಧ ಹಿನ್ನೆಲೆಯವರನ್ನೂ ಕೃಷಿಕರನ್ನೂ ಪ್ರತ್ಯೇಕಿಸಿ ನೋಡುವುದೇ ಅದರ ಕೆಲಸ. ಸಾರಾಸಗಟು ಆದೇಶ ಹೊರಡಿಸುವುದಾದರೆ ಸಮಿತಿಯ ಅಗತ್ಯವೇನು?

2019ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕಿಳಿಸಿತು. ಅಜ್ಜನಿಂದ ಬಂದ ಕೋವಿಯೂ ಆ ಲೆಕ್ಕಕ್ಕೇ ಸೇರುತ್ತದೆ. ನೆರೆಯ ಕೊಡಗಿನಲ್ಲಿ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದಲೇ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಅದನ್ನು 2029ರ ವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕರಾವಳಿಯ ಕೃಷಿಕ ಅಷ್ಟನ್ನು ಕೇಳುತ್ತಿಲ್ಲ.

ಇನ್ನು ಅಜ್ಜನ ಕೋವಿಯ ಮಾತು. 1959ರ ಆಯುಧ ಕಾಯ್ದೆಯ 45ನೇ ಕಲಮಿನ ಪ್ರಕಾರ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಕ್ಕೆ ಮಾತ್ರ ಕಾಯ್ದೆ ಅನ್ವಯಿಸದು. ಎಣ್ಣೆ ಹಾಕಿ ಜತನದಿಂದ ಕಾಪಾಡಿದವನಿಗೆ ಆ ರಿಯಾಯಿತಿ ಇಲ್ಲ.